ದೊಡ್ಡ ದನಿಯ ಹಿಂದಿನ ಪೆಟ್ಟಿಗೆ

ನಾಟಕವಿರಲಿ, ಯಕ್ಷಗಾನವಿರಲಿ, ರಾಜ್ಯೋತ್ಸವವಿರಲಿ, ಸಭೆ ಆರಂಭವಾಗುವ ಅರ್ಧ ಗಂಟೆ ಮೊದಲು ವೇದಿಕೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತಂತಿ ಸುಲಿಯುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರಿರುವುದಿಲ್ಲ. ವಂದನಾರ್ಪಣೆಯಲ್ಲಿ 'ಧ್ವನಿವರ್ಧಕದ ವ್ಯವಸ್ಥೆ ಮಾಡಿದವರಿಗೂ' ಎಂಬಲ್ಲಿನ ಒಂದು 'ಊ'ಕಾರ ಮಾತ್ರ ಅವನ ಪಾಲಿಗೆ ಬರುತ್ತದೆ. ಆದರೆ ಆ ಸಂಜೆ ಮೈಕು ಹಿಡಿಯುವ ಪ್ರತಿಯೊಬ್ಬರ ಪ್ರಾಣವೂ ಸ್ವಲ್ಪಮಟ್ಟಿಗೆ ಅವನ ಕೈಯಲ್ಲಿರುತ್ತದೆ. ಇದು ಅತಿಶಯೋಕ್ತಿಯಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಆಂಪ್ಲಿಫೈಯರನ್ನು ಸ್ಪೀಕರಿಗೆ ಜೋಡಿಸುವ ಕೆಲಸಕ್ಕೆ ಒಂದಷ್ಟು ನಿಯಮಗಳಿವೆ. ಹಿರಿಯ ಮೈಕಿನವರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬಂದ ನಿಯಮಗಳು ಅವು. ಒಂದೊಂದಕ್ಕೂ ಒಂದು ಚರಿತ್ರೆಯಿದೆ. ಕೆಲವು ಇಂದಿಗೂ ಜೀವ ಉಳಿಸುತ್ತವೆ. ಕೆಲವಕ್ಕೆ ಕಾಲ ಮುಗಿದಿದೆ. ಒಂದೆರಡು ಹುಟ್ಟಿದಂದಿನಿಂದಲೇ ತಪ್ಪು. ಯಾವುದು ಯಾವುದೆಂದು ತಿಳಿಯಬೇಕಾದರೆ ಈ ಪೆಟ್ಟಿಗೆ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎಂದು ನೋಡುವುದೇ ಸರಿಯಾದ ದಾರಿ ಎಂದು ನಮಗೆ ತೋರುತ್ತದೆ.

ನೂರಿಪ್ಪತ್ತು ವರ್ಷಗಳ ಹಿಂದೆ ದೊಡ್ಡ ಸಭೆಗೆ ಮಾತನಾಡುವವನಿಗೆ ತನ್ನ ಕಂಠವೊಂದೇ ಗತಿ. ನಮ್ಮ ಕಂಪೆನಿ ನಾಟಕಗಳ ನಟರು, ಹರಿದಾಸರು, ಬಯಲಾಟದ ಭಾಗವತರು ಕೊನೆಯ ಸಾಲಿನವನಿಗೆ ಕೇಳುವಂತೆ ಹಾಡುವುದನ್ನು ವರ್ಷಗಟ್ಟಲೆ ಸಾಧಿಸುತ್ತಿದ್ದರು. ಶ್ರುತಿಯನ್ನು ಏರಿಸಿ ಹಾಡುವ ಪದ್ಧತಿಗೂ ಈ ಅಗತ್ಯಕ್ಕೂ ಸಂಬಂಧವಿಲ್ಲವೆನ್ನಲಾಗದು. ಈ ಸ್ಥಿತಿಯನ್ನು ಬದಲಿಸಿದವರು ಅಮೆರಿಕೆಯ ಇಬ್ಬರು: ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್. ಜೆನ್ಸನ್ ಡೆನ್ಮಾರ್ಕಿನವನು. ಪೌಲ್ಸೆನ್ ಎಂಬಾತನ ನಿಸ್ತಂತು ಯಂತ್ರದ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಬಂದು ಅಲ್ಲಿಯೇ ನಿಂತವನು. ನಾಪಾ ಎಂಬ ಊರಿನಲ್ಲಿ ಒಂದು ಸಣ್ಣ ಮನೆ ಹಿಡಿದು ಇಬ್ಬರೂ ಪ್ರಯೋಗ ನಡೆಸಿದರು. ಅಯಸ್ಕಾಂತದ ಎರಡು ಧ್ರುವಗಳ ನಡುವಿನ ಸಂದಿನಲ್ಲಿ ತೆಳುತಂತಿಯ ಸುರುಳಿಯನ್ನಿಟ್ಟು, ಅದಕ್ಕೆ ಒಂದು ಪೊರೆಯನ್ನು ಅಂಟಿಸಿ, ಗ್ರಾಮಫೋನಿನ ಕಹಳೆಯನ್ನು ಹೊಂದಿಸಿದರು. ಸುರುಳಿಯಲ್ಲಿ ವಿದ್ಯುತ್ತು ಹೆಚ್ಚು ಕಡಿಮೆಯಾದಂತೆ ಅದು ಮುಂದೆ ಹಿಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಇಂದಿನ ಸ್ಪೀಕರುಗಳಲ್ಲಿ ಹೆಚ್ಚಿನವು ಇದೇ ತತ್ತ್ವದಿಂದ ಕೆಲಸ ಮಾಡುತ್ತವೆ. ತತ್ತ್ವ ಅವರದ್ದಲ್ಲ. 1874ರಲ್ಲಿ ಜರ್ಮನಿಯ ಸೀಮೆನ್ಸ್, 1898ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಇದನ್ನು ಕಂಡಿದ್ದರು. ಅದನ್ನು ಜನರ ಕಿವಿಗೆ ಮುಟ್ಟಿಸಿದ್ದು ಮಾತ್ರ ಈ ಜೋಡಿ.

1915ರ ಡಿಸೆಂಬರ್ 24ರಂದು, ಕ್ರಿಸ್ಮಸ್ಸಿನ ಹಿಂದಿನ ದಿನ, ಸಾನ್‌ಫ್ರಾನ್ಸಿಸ್ಕೊ ನಗರಭವನದ ಮುಂದೆ ನೆರೆದ ಭಾರೀ ಜನಸಂದಣಿಗೆ ಇವರ ಯಂತ್ರ ಸಂಗೀತವನ್ನೂ ಭಾಷಣವನ್ನೂ ಕೇಳಿಸಿತು. ಯಂತ್ರಕ್ಕೆ ಅವರಿಟ್ಟ ಹೆಸರು ಮ್ಯಾಗ್ನವಾಕ್ಸ್. ಲ್ಯಾಟಿನಿನಲ್ಲಿ 'ಮಹಾಕಂಠ' ಎಂದರ್ಥ. ಮೈಕನ್ನು ಕಹಳೆಯ ಎದುರಿಗೆ ತಂದರೆ ಅದು ತನ್ನಷ್ಟಕ್ಕೆ ತಾನೇ ಊಳಿಡುತ್ತದೆ ಎಂಬ ಅನುಭವವೂ ಅವರಿಗೆ ಆ ದಿನಗಳಲ್ಲೇ ಆಯಿತು. ನಮ್ಮ ಸಭೆಗಳಲ್ಲಿ ಅಧ್ಯಕ್ಷರು ಎದ್ದು ನಿಂತೊಡನೆ ಕೇಳುವ 'ಕುಂಯ್' ಎಂಬ ಸದ್ದಿಗೆ ಇಷ್ಟು ಹಳೆಯ ವಂಶಾವಳಿಯಿದೆ.

1919ರ ಸೆಪ್ಟೆಂಬರ್ 19ರಂದು ಅಮೆರಿಕೆಯ ಅಧ್ಯಕ್ಷ ವುಡ್ರೊ ವಿಲ್ಸನ್ನರು ಸಾನ್ ಡಿಯಾಗೊದ ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಜನರಿಗೆ ಈ ಮಹಾಕಂಠದ ಮೂಲಕ ಮಾತನಾಡಿದರು. ರಾಷ್ಟ್ರಸಂಘದ ಪರವಾಗಿ ಊರೂರು ಸುತ್ತಿ ಗಂಟಲು ಸೋತಿದ್ದ ಅವರನ್ನು ಗಾಜಿನ ಕೋಣೆಯೊಂದರಲ್ಲಿ ನಿಲ್ಲಿಸಿದ್ದರಂತೆ. ಒಂದು ವಾರ ಕಳೆಯುವುದರೊಳಗೆ ಅವರ ಆರೋಗ್ಯ ಕುಸಿಯಿತು. ಅವರ ಅನಂತರ ಬಂದ ಹಾರ್ಡಿಂಗ್ 1921ರ ಮಾರ್ಚ್ 4ರಂದು ಅಧಿಕಾರ ಸ್ವೀಕರಿಸಿದಾಗ ಧ್ವನಿವರ್ಧಕವಿತ್ತು. ಅದೇ ವರ್ಷದ ನವೆಂಬರ್ 11ರಂದು ಆರ್ಲಿಂಗ್ಟನ್ನಿನಲ್ಲಿ ಅಜ್ಞಾತ ಸೈನಿಕನ ಸಮಾಧಿಯ ಬಳಿ ಅವರಾಡಿದ ಮಾತನ್ನು ಟೆಲಿಫೋನ್ ತಂತಿಗಳ ಮೂಲಕ ನ್ಯೂಯಾರ್ಕಿನಲ್ಲಿಯೂ ಸಾವಿರಾರು ಮೈಲಿ ದೂರದ ಸಾನ್‌ಫ್ರಾನ್ಸಿಸ್ಕೊದಲ್ಲಿಯೂ ನೆರೆದವರು ಅದೇ ಹೊತ್ತಿನಲ್ಲಿ ಕೇಳಿದರು.

ಇದು ಸಾಧ್ಯವಾದದ್ದು ವಾಲ್ವಿನಿಂದ. ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಗಾಜಿನ ಬುರುಡೆ ಮೊದಲು ಅಷ್ಟು ನೆಚ್ಚಬಹುದಾದ ವಸ್ತುವಾಗಿರಲಿಲ್ಲ. ಅಮೆರಿಕೆಯ ಟೆಲಿಫೋನ್ ಕಂಪೆನಿಯ ಎಂಜಿನಿಯರುಗಳು ಅದರೊಳಗಿನ ಗಾಳಿಯನ್ನು ಇನ್ನಷ್ಟು ಚೆನ್ನಾಗಿ ತೆಗೆದು 1915ರ ಹೊತ್ತಿಗೆ ಖಂಡದ ಈ ತೀರದಿಂದ ಆ ತೀರಕ್ಕೆ ಮಾತು ಕಳಿಸಿದರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೈಕಿನಿಂದ ಬಂದ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರು ಹಿಗ್ಗಿಸುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಹಿಗ್ಗಿಸುವುದಿಲ್ಲ. ಕೆರೆಯ ತೂಬಿನ ಬಳಿ ನಿಂತವನು ಸಣ್ಣ ಕೈಚಳಕದಿಂದ ಇಡೀ ಕೆರೆಯ ನೀರನ್ನು ಬಿಡುತ್ತಾನೆ, ತಡೆಯುತ್ತಾನೆ. ಹರಿಯುವ ನೀರು ಅವನ ತೋಳಿನದ್ದಲ್ಲ, ಕೆರೆಯದ್ದು. ಹಾಗೆಯೇ ಸ್ಪೀಕರಿಗೆ ಹೋಗುವ ಶಕ್ತಿ ಭಾಷಣಕಾರನದ್ದಲ್ಲ, ಗೋಡೆಯ ಸಾಕೆಟ್ಟಿನದ್ದು. ಮೈಕು ತೂಬಿನ ಹಿಡಿಕೆ ಮಾತ್ರ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮೈಕನ್ನು ಆಟಿಕೆಯೆಂದು ಯಾರೂ ತಿಳಿಯಲಾರರು. ಅದರ ತಂತಿಯ ಇನ್ನೊಂದು ತುದಿಯಲ್ಲಿ ಕೆರೆಯಿದೆ.

ನಮ್ಮ ದೇಶಕ್ಕೆ ಈ ವಿದ್ಯೆ ಎರಡು ದಾರಿಯಲ್ಲಿ ಬಂತು. ಒಂದು ಸಿನಿಮಾ. 1931ರ ಮಾರ್ಚ್ 14ರಂದು ಮುಂಬಯಿಯ ಗಿರಗಾಂವಿನ ಮೆಜೆಸ್ಟಿಕ್ ಥಿಯೇಟರಿನಲ್ಲಿ 'ಆಲಂ ಆರಾ' ಮಾತನಾಡಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆ ಕಂಡಿತು. ಆ ಕಾಲದ ಥಿಯೇಟರಿನ ಆಂಪ್ಲಿಫೈಯರುಗಳ ಶಕ್ತಿ ಕೇಳಿದರೆ ಇಂದಿನವರು ನಗುತ್ತಾರೆ: ಹತ್ತು ಹದಿನೈದು ವಾಟು. ಆದರೆ ದೊಡ್ಡ ಕಹಳೆಯ ಸ್ಪೀಕರುಗಳು ತಮಗೆ ಬಂದ ವಿದ್ಯುತ್ತಿನಲ್ಲಿ ಕಾಲು ಭಾಗದಷ್ಟನ್ನು ಶಬ್ದವಾಗಿಸುತ್ತಿದ್ದವು. ಇಂದು ಮನೆಯಲ್ಲಿರುವ ಸ್ಪೀಕರು ಶೇಕಡಾ ಒಂದರಷ್ಟನ್ನು ಶಬ್ದವಾಗಿಸಿದರೆ ಹೆಚ್ಚು. ಉಳಿದದ್ದೆಲ್ಲ ಸುರುಳಿಯ ಬಿಸಿ. ವಾಟಿನ ಅಂಕೆಯನ್ನು ನೋಡಿ ಮೋಹಗೊಳ್ಳುವವರು ಇದನ್ನು ಗಮನಿಸಬೇಕು. ಶಕ್ತಿಯನ್ನು ಇಮ್ಮಡಿ ಮಾಡಿದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಎನ್ನಿಸಬೇಕಾದರೆ ಹತ್ತು ಪಾಲು ಶಕ್ತಿ ಬೇಕು. ಐವತ್ತು ವಾಟಿನ ಬದಲು ನೂರು ವಾಟಿನ ಪೆಟ್ಟಿಗೆ ತಂದ ಮಾತ್ರಕ್ಕೆ ಸಭೆ ಗುಡುಗುವುದಿಲ್ಲ.

ಎರಡನೆಯ ದಾರಿ ರಾಜಕೀಯ ಸಭೆ. ಸಿಂಧ್ ಪ್ರಾಂತದಿಂದ ಮುಂಬಯಿಗೆ ಬಂದ ಮೋಟ್ವಾನೆ ಕುಟುಂಬದವರ 'ಶಿಕಾಗೋ ರೇಡಿಯೋ' ಹೆಸರಿಗೆ ಮಾತ್ರ ಶಿಕಾಗೋ. ಮೂವತ್ತರ ದಶಕದಿಂದ ಕಾಂಗ್ರೆಸ್ ಅಧಿವೇಶನಗಳಲ್ಲಿ ಮೈಕು, ಕಹಳೆ, ಆಂಪ್ಲಿಫೈಯರುಗಳನ್ನು ಹೊತ್ತು ತಂದವರು ಅವರೇ. ಆ ಕಾಲದ ಫೋಟೋಗಳಲ್ಲಿ ಗಾಂಧೀಜಿಯ ಮುಂದೆ, ನೆಹರೂ ಮುಂದೆ, ಸುಭಾಷರ ಮುಂದೆ ನಿಂತ ಮೈಕಿನ ಮೇಲೆ ಆ ಹೆಸರು ಕಾಣಿಸುತ್ತದೆ. ಗಾಂಧೀಜಿಯ ಕಂಠ ಸಣ್ಣದು, ಅವರಿಗೆ ಬರುತ್ತಿದ್ದ ಸಭೆ ದೊಡ್ಡದು. ಆ ಅಂತರವನ್ನು ತುಂಬಿದ ಈ ಪೆಟ್ಟಿಗೆಗೆ ನಮ್ಮ ಸ್ವಾತಂತ್ರ್ಯ ಚಳವಳಿಯ ಚರಿತ್ರೆಗಳಲ್ಲಿ ಒಂದು ಪುಟವೂ ಸಿಗದಿರುವುದು ನಮಗೆ ಸೋಜಿಗವಾಗಿ ಕಾಣುತ್ತದೆ.

ಇನ್ನು ಜೋಡಣೆಯ ವಿಷಯ. 1936ರಲ್ಲಿ ಅಮೆರಿಕೆಯ ಆರ್.ಸಿ.ಎ. ಕಂಪೆನಿ 6ಎಲ್6 ಎಂಬ ವಾಲ್ವನ್ನು ಹೊರತಂದಿತು. ಅದರ ಜೋಡಿಯಿಂದಲೂ ಅದರ ಬಂಧುಗಳಿಂದಲೂ ಜಗತ್ತಿನ ಅರ್ಧದಷ್ಟು ಮೈಕ್‌ಸೆಟ್ಟುಗಳು ದಶಕಗಟ್ಟಲೆ ನಡೆದವು. 1947ರಲ್ಲಿ ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಕೆಟಿ66 ಎಂಬ ವಾಲ್ವುಗಳಿಂದ ಕಟ್ಟಬಹುದಾದ ಹದಿನೈದು ವಾಟಿನ ಆಂಪ್ಲಿಫೈಯರಿನ ನಕ್ಷೆ ಕೊಟ್ಟಾಗ ಹವ್ಯಾಸಿಗಳು ಅದನ್ನು ಮಂತ್ರದಂತೆ ಪಠಿಸಿದರು. ಈ ಪೆಟ್ಟಿಗೆಗಳೊಳಗೆ ನಾನೂರು ವೋಲ್ಟು, ಕೆಲವದರಲ್ಲಿ ಅದಕ್ಕೂ ಹೆಚ್ಚು, ಏಕಮುಖ ವಿದ್ಯುತ್ತು ಇರುತ್ತದೆ. ವಾಲ್ವಿಗೆ ಬೇಕಾದದ್ದು ಹೆಚ್ಚು ವೋಲ್ಟು, ಕಡಿಮೆ ಪ್ರವಾಹ. ಸ್ಪೀಕರಿನ ಸುರುಳಿಗೆ ಬೇಕಾದದ್ದು ಕಡಿಮೆ ವೋಲ್ಟು, ಹೆಚ್ಚು ಪ್ರವಾಹ. ಸ್ವಭಾವ ಕೂಡದ ಈ ಇಬ್ಬರ ನಡುವೆ ಸಂಧಾನಕ್ಕೆ ಕುಳಿತದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್.

ಮೈಕಿನವರ ಮೊದಲ ನಿಯಮ ಹುಟ್ಟಿದ್ದು ಇಲ್ಲಿಂದ: 'ಸ್ಪೀಕರ್ ಹಾಕದೆ ಸ್ವಿಚ್ ಹಾಕಬೇಡ.' ವಾಲ್ವಿನ ಆಂಪ್ಲಿಫೈಯರಿಗೆ ಸ್ಪೀಕರನ್ನು ಜೋಡಿಸದೆ ಧ್ವನಿ ಕೊಟ್ಟರೆ ಆ ಟ್ರಾನ್ಸ್‌ಫಾರ್ಮರಿನೊಳಗಿನ ಶಕ್ತಿಗೆ ಹೊರಹೋಗಲು ದಾರಿಯಿಲ್ಲದೆ ವೋಲ್ಟೇಜು ಸಾವಿರ ದಾಟಿ ಏರುತ್ತದೆ. ಸುರುಳಿಯ ನಿರೋಧಕ ಪದರ ಒಡೆದು, ಅಥವಾ ವಾಲ್ವಿನ ಬುಡದಲ್ಲಿ ಕಿಡಿ ಹಾರಿ ಪೆಟ್ಟಿಗೆ ಸುಡುತ್ತದೆ. ಅದೇ ವಾಲ್ವು ಒಂದು ಕ್ಷಣದ ಶಾರ್ಟನ್ನು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಆದುದರಿಂದ ಹಳೆಯ ಕೈಗಳು ಸ್ಪೀಕರಿನ ತಂತಿ ಕಳಚುವುದಕ್ಕೆ ಹೆದರುತ್ತಿದ್ದರು, ತಂತಿ ತಂತಿಗೆ ತಾಗುವುದಕ್ಕೆ ಅಷ್ಟಾಗಿ ಹೆದರುತ್ತಿರಲಿಲ್ಲ.

ಟ್ರಾನ್ಸಿಸ್ಟರು ಬಂದಾಗ ಈ ನಿಯಮ ತಲೆಕೆಳಗಾಯಿತು. 1956ರಲ್ಲಿ ಎಚ್.ಸಿ. ಲಿನ್ ಎಂಬ ಎಂಜಿನಿಯರು ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ವಿನ್ಯಾಸ ತೋರಿಸಿದರು. ಅರವತ್ತರ ದಶಕದಲ್ಲಿ ಆರ್.ಸಿ.ಎ.ಯ 2ಎನ್3055 ಬಂತು. ಲೋಹದ ಟೋಪಿ ಹಾಕಿಕೊಂಡ ಈ ಟ್ರಾನ್ಸಿಸ್ಟರು ಮುಂದೆ ನಮ್ಮ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಕಡಲೆಕಾಯಿಯಂತೆ ಮಾರಾಟವಾಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ವಾಲ್ವನ್ನೂ ಟ್ರಾನ್ಸಿಸ್ಟರನ್ನೂ ಎರಡನ್ನೂ ತಯಾರಿಸಿದ್ದರಿಂದ ಈ ಸಂಧಿಕಾಲ ನಮ್ಮ ನಾಡಿನವರ ಕೈಯಲ್ಲೇ ಹಾದುಹೋಯಿತೆನ್ನಬಹುದು. ಟ್ರಾನ್ಸಿಸ್ಟರಿಗೆ ಸ್ಪೀಕರ್ ಇಲ್ಲದಿದ್ದರೆ ಚಿಂತೆಯಿಲ್ಲ, ಸುಮ್ಮನಿರುತ್ತದೆ. ಆದರೆ ಎರಡು ತಂತಿ ತಾಗಿದರೆ, ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತದೆ. ಫ್ಯೂಸು ಕರಗುವಷ್ಟು ಕಾಲವನ್ನೂ ಅದು ಕೊಡುವುದಿಲ್ಲ. ಟ್ರಾನ್ಸಿಸ್ಟರನ್ನು ಉಳಿಸಲಿಕ್ಕೆಂದು ಹಾಕಿದ ಫ್ಯೂಸನ್ನು ಟ್ರಾನ್ಸಿಸ್ಟರೇ ಉಳಿಸುತ್ತದೆ ಎಂಬ ವಿನೋದ ಆ ಕಾಲದ ರಿಪೇರಿಯವರಲ್ಲಿತ್ತು. ಒಳ್ಳೆಯ ತಯಾರಕರು ಬೇಗನೆ ರಕ್ಷಣೆಯ ಸರ್ಕಿಟ್ಟುಗಳನ್ನು ಸೇರಿಸಿದರು. ಅಗ್ಗದ ಪೆಟ್ಟಿಗೆಗಳಲ್ಲಿ ಅದು ಈಗಲೂ ನಂಬುವಂಥದ್ದಲ್ಲ.

ಹೀಗಾಗಿ 'ನಿಮ್ಮದು ವಾಲ್ವೋ ಟ್ರಾನ್ಸಿಸ್ಟರೋ' ಎಂದು ಕೇಳದೆ ಉಪದೇಶ ಮಾಡುವ ಹಿರಿಯರ ಮಾತನ್ನು ಅರ್ಧ ಮಾತ್ರ ಕೇಳಬೇಕು. ಎರಡಕ್ಕೂ ಸಲ್ಲುವ ನಿಯಮ ಒಂದೇ: ತಂತಿಗಳನ್ನೆಲ್ಲ ಜೋಡಿಸಿ, ಎರಡು ಸಲ ನೋಡಿ, ಆಮೇಲೆ ಸ್ವಿಚ್ಚು. ಸ್ವಿಚ್ಚು ಹಾಕಿದ ಮೇಲೆ ಸ್ಪೀಕರಿನ ತಂತಿಗೆ ಕೈ ಹಾಕಬಾರದು.

ಓಮಿನ ಲೆಕ್ಕವೂ ಹೀಗೆಯೇ. ಎಂಟು ಓಮಿನ ಎರಡು ಸ್ಪೀಕರುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಹದಿನಾರು, ಪಕ್ಕಪಕ್ಕದಲ್ಲಿ ಜೋಡಿಸಿದರೆ ನಾಲ್ಕು. ನಾಲ್ಕು ಸ್ಪೀಕರುಗಳನ್ನು ಪಕ್ಕಪಕ್ಕ ಜೋಡಿಸಿದರೆ ಎರಡೇ ಓಮು. 'ಇನ್ನೊಂದು ಸ್ಪೀಕರ್ ಹೆಂಗಸರ ಕಡೆಗೂ ಇರಲಿ' ಎಂದು ಕೊನೆಯ ಗಳಿಗೆಯಲ್ಲಿ ಸಮಿತಿಯವರು ಹೇಳಿದಾಗ ಆಂಪ್ಲಿಫೈಯರಿನ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಇದರಿಂದ. ಪೆಟ್ಟಿಗೆಯ ಹಿಂದೆ 'ಕನಿಷ್ಠ ನಾಲ್ಕು ಓಮ್' ಎಂದು ಬರೆದಿದ್ದರೆ ಅದು ವಿನಂತಿಯಲ್ಲ, ಷರತ್ತು.

ಹಾಗಾದರೆ ಒಂದು ಮೈದಾನದ ತುಂಬ ಇಪ್ಪತ್ತು ಕಹಳೆಗಳನ್ನು ಕಟ್ಟುವುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಧ್ವನಿಯ ವಿದ್ಯೆಯಲ್ಲಲ್ಲ, ವಿದ್ಯುತ್ ಸಾಗಣೆಯ ವಿದ್ಯೆಯಲ್ಲಿ. ಅದರ ಶ್ರೇಷ್ಠ ಉದಾಹರಣೆ ನಮ್ಮಲ್ಲೇ ಇದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಾಗ ಮಾಡಿದ ಉಪಾಯವೇನು? ವೋಲ್ಟೇಜನ್ನು ಬಹಳ ಏರಿಸಿ, ಪ್ರವಾಹವನ್ನು ಇಳಿಸಿ, ಗಣಿಯ ಬಾಗಿಲಲ್ಲಿ ಮತ್ತೆ ವೋಲ್ಟೇಜನ್ನು ತಗ್ಗಿಸಿದ್ದು. ಪ್ರವಾಹ ಕಡಿಮೆಯಾದರೆ ತಂತಿಯಲ್ಲಿ ವ್ಯರ್ಥವಾಗುವುದು ಕಡಿಮೆ. ಮೈಕ್‌ಸೆಟ್ಟಿನವರು 'ಹಂಡ್ರೆಡ್ ವೋಲ್ಟ್ ಲೈನ್' ಎನ್ನುವುದು ಇದೇ ಉಪಾಯದ ಮರಿ. ಅಮೆರಿಕೆಯಲ್ಲಿ ಎಪ್ಪತ್ತು ವೋಲ್ಟು ರೂಢಿ, ಇಂಗ್ಲೆಂಡಿನಲ್ಲಿಯೂ ನಮ್ಮಲ್ಲಿಯೂ ನೂರು.

ಲೆಕ್ಕ ಹೀಗೆ. ನೂರು ವಾಟನ್ನು ಎಂಟು ಓಮಿನ ಸ್ಪೀಕರಿಗೆ ನೇರವಾಗಿ ಕಳಿಸಿದರೆ ಸುಮಾರು 28 ವೋಲ್ಟು, ಮೂರೂವರೆ ಆಂಪಿಯರು. ದೂರದ ತೆಳ್ಳನೆಯ ತಂತಿಯಲ್ಲಿ ಹೋಗಿ ಬರುವ ಪ್ರತಿರೋಧ ನಾಲ್ಕು ಓಮು ಇದ್ದರೆ, ಹೊರಟ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ದಾರಿಯಲ್ಲೇ ತಂತಿಯನ್ನು ಬಿಸಿ ಮಾಡಿ ಮುಗಿಯುತ್ತದೆ. ಅದೇ ನೂರು ವಾಟನ್ನು ನೂರು ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಒಂದೇ ಆಂಪಿಯರು. ದಾರಿಯಲ್ಲಿ ಹೋಗುವುದು ನೂರಕ್ಕೆ ನಾಲ್ಕು ಮಾತ್ರ. ಪ್ರತಿ ಕಹಳೆಯ ಬೆನ್ನಿಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸಿ, ಒಂದಕ್ಕೆ ಹತ್ತು ವಾಟು, ಇನ್ನೊಂದಕ್ಕೆ ಐದು ಎಂದು ಹಂಚಿದರಾಯಿತು. ಓಮಿನ ತಲೆನೋವಿಲ್ಲ, ವಾಟುಗಳನ್ನು ಕೂಡಿಸಿ, ಮೊತ್ತ ಆಂಪ್ಲಿಫೈಯರಿನ ಶಕ್ತಿಯನ್ನು ಮೀರದಂತೆ ನೋಡಿಕೊಂಡರೆ ಸಾಕು. ಬೆಲೆಯೊಂದನ್ನು ತೆರಬೇಕು: ಜೋರಾಗಿ ಹಾಡುವಾಗ ಆ ತಂತಿಯಲ್ಲಿರುವುದು ನೂರು ವೋಲ್ಟು. 'ಸ್ಪೀಕರ್ ವಯರ್ ತಾನೇ' ಎಂದು ಬರಿಗೈಯಲ್ಲಿ ಹಿಡಿಯುವಂಥದ್ದಲ್ಲ. ಒದ್ದೆ ನೆಲದ ಮೇಲೆ, ಮಕ್ಕಳ ಕೈಗೆಟುಕುವಲ್ಲಿ ಅದನ್ನು ಹಾಯಿಸಬಾರದು. ಬೀದಿದೀಪದ ತಂತಿಯ ಜತೆಗೆ ಹೆಣೆಯಲೇಬಾರದು.

ಇನ್ನು ಪ್ರಾಣದ ಮಾತು. ಹಿಂದೆ ನಮ್ಮ ಹಲವು ಹಳೆಯ ಶಹರಗಳ ಕೆಲವು ಭಾಗಗಳಲ್ಲಿ ಡಿ.ಸಿ. ವಿದ್ಯುತ್ತಿತ್ತು, ಪಕ್ಕದ ಬೀದಿಯಲ್ಲಿ ಎ.ಸಿ. ಎರಡರಲ್ಲೂ ನಡೆಯಲಿ ಎಂದು 'ಎ.ಸಿ.-ಡಿ.ಸಿ.' ರೇಡಿಯೋಗಳನ್ನು, ಸಣ್ಣ ಆಂಪ್ಲಿಫೈಯರುಗಳನ್ನು ತಯಾರಿಸುತ್ತಿದ್ದರು. ಡಿ.ಸಿ.ಯಲ್ಲಿ ಟ್ರಾನ್ಸ್‌ಫಾರ್ಮರು ನಡೆಯದಾದ್ದರಿಂದ ಇವುಗಳಲ್ಲಿ ಅದೇ ಇರುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಲೋಹದ ಚೌಕಟ್ಟು ಗೋಡೆಯಿಂದ ಬಂದ ಒಂದು ತಂತಿಗೆ ನೇರವಾಗಿ ಸೇರಿರುತ್ತಿತ್ತು. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ರೀತಿ ಚುಚ್ಚಿದರೆ ಚೌಕಟ್ಟು ತಣ್ಣಗೆ, ತಿರುಗಿಸಿ ಚುಚ್ಚಿದರೆ 230 ವೋಲ್ಟು. ಗುಂಡಿಯ ಪಕ್ಕದ ಪುಟ್ಟ ಸ್ಕ್ರೂ ಮುಟ್ಟಿದವನಿಗೆ ಅದು ಯಾವ ರೀತಿ ಎಂದು ತಿಳಿಯುತ್ತಿತ್ತು. ಇಂಥ ಸೆಟ್ಟಿಗೆ ಮೈಕಿನ ತಂತಿ ಸೇರಿಸಿ ಹಾಡಿದವರು ಎಷ್ಟೋ ಮಂದಿ. ಹಳೆಯ ಸಾಮಾನುಗಳ ಪ್ರೇಮಿಗಳು ಇಂದಿಗೂ ಇವನ್ನು ಕೊಂಡು ತರುವುದನ್ನು ನೋಡುತ್ತೇವೆ. ಷೋಕೇಸಿನಲ್ಲಿಡಲಿ, ಚೆನ್ನಾಗಿ ಕಾಣುತ್ತವೆ. ಚಾಲೂ ಮಾಡುವುದಾದರೆ ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರೊಂದು ಕಡ್ಡಾಯ.

ಪಾಶ್ಚಾತ್ಯರ ಎಲೆಕ್ಟ್ರಿಕ್ ಗಿಟಾರಿನ ಕಾಲ ಬಂದಾಗ ಈ ಅಪಾಯ ವೇದಿಕೆಯ ನಟ್ಟನಡುವೆ ಬಂದು ನಿಂತಿತು. 1965ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸನ ಗಿಟಾರು ಮೈಕಿನ ಕಂಬಕ್ಕೆ ತಾಗಿ ಆತ ವೇದಿಕೆಯ ಮೇಲೇ ಪ್ರಜ್ಞೆ ತಪ್ಪಿ ಬಿದ್ದ. ರಬ್ಬರು ಅಡಿಯ ಷೂ ಬದುಕಿಸಿತು ಎನ್ನುತ್ತಾರೆ. 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರು ವಾದಕನಿಗೆ ಆ ಅದೃಷ್ಟವಿರಲಿಲ್ಲ. ಸಭಿಕರ ಎದುರಿಗೇ ಮೈಕನ್ನು ಮುಟ್ಟಿದ ಆತ ಮತ್ತೆ ಏಳಲಿಲ್ಲ. 1976ರಲ್ಲಿ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರನಾಗಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ ಅರ್ಥಿಂಗ್ ಇಲ್ಲದ ಗಿಟಾರು ನುಡಿಸುತ್ತ ತೀರಿಕೊಂಡ.

ಇಂಥ ಅವಘಡಗಳ ಗುಟ್ಟು ಸರಳ. ಒಬ್ಬ ಮನುಷ್ಯ ಎರಡು ಬೇರೆ ಬೇರೆ ಪೆಟ್ಟಿಗೆಗಳಿಗೆ ಸೇರಿದ ಎರಡು ಲೋಹಗಳನ್ನು ಒಟ್ಟಿಗೆ ಮುಟ್ಟುತ್ತಾನೆ. ಒಂದು ಭೂಮಿಗೆ ಸೇರಿದೆ, ಇನ್ನೊಂದು ದೋಷದಿಂದಾಗಿ ವಿದ್ಯುತ್ತನ್ನು ಹೊತ್ತಿದೆ. ಬೆವರಿದ ಕೈ ಉಳಿದ ಕೆಲಸ ಮಾಡುತ್ತದೆ. ಗಿಟಾರಿನ ಜಾಗದಲ್ಲಿ ನಮ್ಮ ವಿದ್ಯುತ್ ಶ್ರುತಿಪೆಟ್ಟಿಗೆ, ಕೀಬೋರ್ಡು, ದೀಪದ ಕಂಬ ಏನನ್ನಾದರೂ ಇಟ್ಟು ನೋಡಿ. ಯಕ್ಷಗಾನದ ವೇಷಧಾರಿ ಬರಿಗಾಲಲ್ಲಿ, ಮೈಯೆಲ್ಲ ಬೆವರಿನಲ್ಲಿ, ಲೋಹದ ಆಭರಣ ತೊಟ್ಟು ತೂಗುಬಿಟ್ಟ ಮೈಕಿನ ಕೆಳಗೆ ಕುಣಿಯುತ್ತಾನೆ. ರಬ್ಬರು ಅಡಿಯ ಷೂ ಅವನಿಗಿಲ್ಲ.

ಪಾರಾಗುವ ಉಪಾಯ ಮೂರನೆಯ ಕಡ್ಡಿ. ನಮ್ಮ ದೇಶದ ದುಂಡು ಕಡ್ಡಿಯ ಪ್ಲಗ್ಗನ್ನು ಗಮನಿಸಿ ನೋಡಿ: ಅರ್ಥಿನ ಕಡ್ಡಿ ಉಳಿದೆರಡಕ್ಕಿಂತ ದಪ್ಪ, ಉದ್ದವೂ ಹೆಚ್ಚು. ಒಳಗೆ ಹೋಗುವಾಗ ಅದು ಮೊದಲು ತಾಗಬೇಕು, ಹೊರಗೆ ಬರುವಾಗ ಕೊನೆಗೆ ಬಿಡಬೇಕು ಎಂಬುದು ಅದರ ಉದ್ದೇಶ. ಪೆಟ್ಟಿಗೆಯ ಮೈಗೆ ವಿದ್ಯುತ್ತು ಸೋರಿದರೆ ಅದು ಮನುಷ್ಯನ ಮೂಲಕವಲ್ಲ, ಈ ಕಡ್ಡಿಯ ಮೂಲಕ ನೆಲಕ್ಕಿಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಅನರ್ಥ ಎಂದು ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಹೇಳುವುದುಂಟು. ಅವರು ಕನ್ನಡ ಪಂಡಿತರಲ್ಲ, ಆದರೆ ಶ್ಲೇಷೆ ಸರಿಯಾಗಿದೆ.

ಹುಟ್ಟಿದಂದಿನಿಂದಲೇ ತಪ್ಪಾದ ನಿಯಮವೊಂದಿದೆ ಎಂದೆವಲ್ಲ, ಅದು ಇಲ್ಲಿದೆ. ಎರಡು ಮೂರು ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸಿ, ಎಲ್ಲವನ್ನೂ ಅರ್ಥಿಗೆ ಸೇರಿಸಿದಾಗ ಒಮ್ಮೊಮ್ಮೆ ಸ್ಪೀಕರಿನಲ್ಲಿ 'ಗುಂಯ್' ಎಂಬ ನಿರಂತರ ನಾದ ಬರುತ್ತದೆ. ಅರ್ಥಿನ ದಾರಿಗಳು ಎರಡಾಗಿ ಒಂದು ಬಳೆಯಂತೆ ಸೇರಿಕೊಳ್ಳುವುದೇ ಅದಕ್ಕೆ ಕಾರಣ. ಕೆಲವು ಮೈಕಿನವರು ಇದಕ್ಕೆ ಮಾಡುವ ಮದ್ದು ಅರ್ಥಿನ ತಂತಿಯನ್ನು ಕತ್ತರಿಸಿಬಿಡುವುದು. ನಾದ ನಿಲ್ಲುತ್ತದೆ, ನಿಜ. ಆ ರಾತ್ರಿ ಏನೂ ಆಗುವುದಿಲ್ಲ. ಮುಂದೊಂದು ದಿನ ಒಳಗಿನ ತಂತಿಯೊಂದು ಸವೆದು ಮೈಗೆ ತಾಗಿದಾಗ ಕಾವಲುಗಾರನೇ ಇರುವುದಿಲ್ಲ. ಬಳೆಯನ್ನು ಮುರಿಯಬೇಕಾದದ್ದು ಧ್ವನಿಯ ತಂತಿಯಲ್ಲಿ. ನಡುವೆ ಒಂದು ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿ ಅಥವಾ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟು. ಅರ್ಥನ್ನು ಮುಟ್ಟುವಂತಿಲ್ಲ.

ಫ್ಯೂಸು ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿ, ಕೈಯಲ್ಲಿ ಹಿಡಿದ ವಸ್ತುವನ್ನು ಮನುಷ್ಯ ತಾನಾಗಿ ಬಿಡಲಾರದಂತೆ ಮಾಡುವ ಪ್ರವಾಹ ಎಷ್ಟೆಂದು ಅಳೆದರು. ಗಂಡಸರಿಗೆ ಸರಾಸರಿ ಹದಿನಾರು ಮಿಲಿ ಆಂಪಿಯರು, ಹೆಂಗಸರಿಗೆ ಇನ್ನೂ ಕಡಿಮೆ. ಹದಿನೈದು ವಾಟಿನ ಸಣ್ಣ ಬಲ್ಬು ಎಳೆಯುವುದರಲ್ಲಿ ನಾಲ್ಕನೆಯ ಒಂದು ಪಾಲು ಇದು. ಐದು ಆಂಪಿಯರಿನ ಫ್ಯೂಸು ಕರಗಬೇಕಾದರೆ ಐದು ಸಾವಿರ ಮಿಲಿ ಆಂಪಿಯರು ದಾಟಬೇಕು. ಫ್ಯೂಸು ಇರುವುದು ತಂತಿಗೆ ಬೆಂಕಿ ಹತ್ತದಿರಲಿ ಎಂದು, ಮನುಷ್ಯನಿಗಾಗಿ ಅಲ್ಲ. ಅದರ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತುವವರು ಆ ಉಪಕಾರವನ್ನೂ ಕಳೆದುಕೊಳ್ಳುತ್ತಾರೆ. ಮನುಷ್ಯನಿಗಾಗಿ ಇರುವ ಸಾಧನ ಬೇರೆ. ಹೋಗುವ ತಂತಿಯ ಪ್ರವಾಹವನ್ನೂ ಬರುವ ತಂತಿಯ ಪ್ರವಾಹವನ್ನೂ ತಕ್ಕಡಿಯಂತೆ ತೂಗಿ, ಮೂವತ್ತು ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ತಟ್ಟನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಅದು. ಡಾಲ್ಜಿಯಲ್ಲರೇ 1961ರಲ್ಲಿ ಅಮೆರಿಕೆಯಲ್ಲಿ ಅಂಥದೊಂದನ್ನು ರೂಪಿಸಿದರು. ನಮ್ಮಲ್ಲಿ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂದರೆ ಅಂಗಡಿಯವರು ಕೊಡುತ್ತಾರೆ. ಹಾರ ತುರಾಯಿಗಳಿಗೆ ಖರ್ಚು ಮಾಡುವ ಸಂಘಗಳಿಗೆ ಇದು ಭಾರವಾಗದು.

ಪೆಂಡಾಲಿನಲ್ಲಿ ಇನ್ನೊಂದು ಭಯವಿದೆ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ತಂತಿ ಎಲ್ಲಾದರೂ ಕಳಚಿದರೆ 230 ವೋಲ್ಟಿಗೆ ಮಾಡಿದ ಪೆಟ್ಟಿಗೆಗೆ 400ರ ಹತ್ತಿರ ಬರಬಹುದು. ಪೆಂಡಾಲಿನ ಒಂದು ಬದಿಯ ದೀಪಗಳು ಮಂಕಾಗಿ ಇನ್ನೊಂದು ಬದಿಯವು ಕಣ್ಣು ಕುಕ್ಕಿದರೆ ಯೋಚಿಸುತ್ತ ನಿಲ್ಲಬಾರದು, ಮೇನ್ ಸ್ವಿಚ್ಚಿಗೆ ಓಡಬೇಕು. ಜನರೇಟರು ತಂದಲ್ಲಿ ಅದಕ್ಕೂ ನೆಲದಲ್ಲಿ ಹುಗಿದ ಅರ್ಥ್ ಸರಳು ಬೇಕು ಎಂಬುದನ್ನು ಬಾಡಿಗೆಯವರು ನೆನಪಿಸುವುದಿಲ್ಲ, ನಾವೇ ಕೇಳಬೇಕು.

ಸ್ಪೀಕರಿನ ತಂತಿಗೆ ದೀಪದ ಪ್ಲಗ್ಗು ಹಾಕುವ ಅಭ್ಯಾಸದ ಬಗ್ಗೆ ಹೇಳದೆ ಬಿಡಲಾರೆವು. ಒಂದು ಮದುವೆಯ ಮಂಟಪದಲ್ಲಿ ಬಾಡಿಗೆಗೆ ಬಂದ ಸ್ಪೀಕರುಗಳಿಗೆಲ್ಲ ಎರಡು ಕಡ್ಡಿಯ ಪ್ಲಗ್ಗೇ ಇತ್ತು. ಸಹಾಯಕ್ಕೆ ಬಂದ ಹುಡುಗ, ಪ್ಲಗ್ಗು ಎಂದರೆ ಗೋಡೆಗೆ ಎಂದು ತಿಳಿದು, ಚುಚ್ಚಿಯೇ ಬಿಟ್ಟ. ಎಂಟು ಓಮಿಗೆ 230 ವೋಲ್ಟು ಎಂದರೆ ಆರು ಸಾವಿರ ವಾಟಿನ ಮೇಲೆ. ಒಂದು ಭಯಂಕರ ಹೂಂಕಾರ, ಹೊಗೆ, ಕಾಗದದ ಶಂಕು ಸುಟ್ಟ ವಾಸನೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹುಡುಗನ ತಪ್ಪೇನೂ ಇಲ್ಲ. ಇಂಥ ಗೊಂದಲವಾಗಬಾರದೆಂದೇ 1987ರಲ್ಲಿ ನ್ಯೂಟ್ರಿಕ್ ಕಂಪೆನಿಯವರು ಸ್ಪೀಕರಿಗೆಂದೇ 'ಸ್ಪೀಕಾನ್' ಎಂಬ ಪ್ರತ್ಯೇಕ ಕೊಂಡಿಯನ್ನು ತಂದರು. ಅದು ಬೇರೆ ಯಾವ ತೂತಿಗೂ ಹೋಗುವುದಿಲ್ಲ, ತಿರುಗಿಸಿದರೆ ಬೀಗ ಬೀಳುತ್ತದೆ, ಬೆರಳು ಒಳಗಿನ ಲೋಹಕ್ಕೆ ತಾಗುವುದಿಲ್ಲ.

ಇನ್ನು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳೂ 2005ರ ಜುಲೈ 18ರ ಸರ್ವೋಚ್ಚ ನ್ಯಾಯಾಲಯದ ತೀರ್ಪೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ಮುಚ್ಚಿದ ಸಭಾಗೃಹಗಳಿಗೆ ವಿನಾಯಿತಿಯಿದೆ; ವರ್ಷಕ್ಕೆ ಹದಿನೈದು ದಿನ ಮೀರದಂತೆ ಹಬ್ಬಗಳಲ್ಲಿ ಹನ್ನೆರಡರವರೆಗೆ ಸಡಿಲಿಸುವ ಅಧಿಕಾರ ರಾಜ್ಯಗಳಿಗಿದೆ. ಇಡೀ ರಾತ್ರಿಯ ಯಕ್ಷಗಾನ ಮೇಳಗಳಲ್ಲಿ ಕಾಲಮಿತಿಯ ಆಟಗಳು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಅಭಿಪ್ರಾಯ ಕೇಳಿದರೆ, ಆಟ ನಿಲ್ಲಬೇಕಾಗಿರಲಿಲ್ಲ, ಮೈಕು ನಿಂತಿದ್ದರೆ ಸಾಕಿತ್ತು. ಚಂಡೆಗೆ ಮೈಕು ಏಕೆಂದು ನಮಗೆ ಎಂದೂ ಅರ್ಥವಾಗಿಲ್ಲ.

ಹತ್ತು ಗಂಟೆಗೆ ಪೆಟ್ಟಿಗೆ ಮುಚ್ಚುವಾಗಲೂ ಕ್ರಮವಿದೆ. ಚಾಲೂ ಮಾಡುವಾಗ ಮಿಕ್ಸರು ಮೊದಲು, ಪವರ್ ಆಂಪ್ಲಿಫೈಯರು ಕೊನೆಗೆ. ನಿಲ್ಲಿಸುವಾಗ ಕೊನೆಗೆ ಬಂದವನು ಮೊದಲು ಏಳಬೇಕು. ಇಲ್ಲದಿದ್ದರೆ ಮಿಕ್ಸರಿನ 'ಧಡ್' ಎಂಬ ಸದ್ದು ನೂರಾರು ಪಾಲಾಗಿ ಸ್ಪೀಕರಿನ ಸುರುಳಿಯನ್ನು ಹರಿಯುತ್ತದೆ. ರಿಪೇರಿಗೆಂದು ಮುಚ್ಚಳ ತೆಗೆಯುವುದಿದ್ದರೆ ಪ್ಲಗ್ಗು ಕಿತ್ತ ತಕ್ಷಣ ಕೈ ಹಾಕಬಾರದು. ಒಳಗಿನ ದೊಡ್ಡ ಕೆಪ್ಯಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ, ವಾಲ್ವಿನ ಪೆಟ್ಟಿಗೆಯಲ್ಲಿ ಅದು ನಾನೂರು ವೋಲ್ಟು. ಮೀಟರು ಹಿಡಿದು, ಅದು ಇಳಿದಿದೆಯೆಂದು ನೋಡಿದ ಮೇಲೆಯೇ ಬೆರಳು. ತಂತಿಗಳನ್ನು ಮೊಣಕೈಗೆ ಬಿಗಿಯಾಗಿ ಸುತ್ತದೆ ದೊಡ್ಡ ಉಂಗುರಗಳಾಗಿ ಸುತ್ತಿಟ್ಟರೆ ಮುಂದಿನ ಕಾರ್ಯಕ್ರಮಕ್ಕೆ ಒಳಗಿನ ಎಳೆ ಮುರಿಯದೆ ಉಳಿದಿರುತ್ತದೆ.